ಲಕ್ಷಗಟ್ಟಲೆ ಕೊಟ್ಟು ಆಡಿಯೊ ಸೆಟ್ ತರುವ ಮೊದಲು ನಿಮ್ಮ ಚಾವಡಿಯಲ್ಲಿ ಒಮ್ಮೆ ಚಪ್ಪಾಳೆ ತಟ್ಟಿ ನೋಡಿ

ಮನೆಗೆ ದುಬಾರಿ ಸೌಂಡ್ ಸಿಸ್ಟಮ್ ತರುವ ಯೋಚನೆ ಇದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ. ನಾನು 4 ಲಕ್ಷ 60 ಸಾವಿರ ರೂಪಾಯಿ ಕೊಟ್ಟು ಪೆಟ್ಟು ತಿಂದಿದ್ದೇನೆ. ಇನ್ನೊಬ್ಬರಿಗೆ ಹಾಗಾಗುವುದು ಬೇಡ.

ನಮ್ಮದು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ತೋಟದ ಮನೆ. ಅಪ್ಪನಿಗೆ 79 ವರ್ಷ, ತಾಳಮದ್ದಳೆ (ವೇಷವಿಲ್ಲದೆ ಕೂತು, ಭಾಗವತರ ಪದಕ್ಕೆ ಮಾತಿನಲ್ಲೇ ಅರ್ಥ ಹೇಳುವ ಯಕ್ಷಗಾನ) ಅಂದರೆ ಜೀವ. ಎಂಬತ್ತರ ದಶಕದಿಂದ ಊರೂರು ತಿರುಗಿ ರೆಕಾರ್ಡ್ ಮಾಡಿದ ಕ್ಯಾಸೆಟ್‌ಗಳು ಎರಡು ಟ್ರಂಕ್ ತುಂಬ ಇವೆ. ಈಗ ಅವರಿಗೆ ರಾತ್ರಿ ಹೊರಗೆ ಹೋಗಲು ಆಗುವುದಿಲ್ಲ. ಕ್ಯಾಸೆಟ್‌ಗಳನ್ನೆಲ್ಲ ಕಂಪ್ಯೂಟರಿಗೆ ಇಳಿಸಿ, ಒಳ್ಳೆಯ ಸೆಟ್ಟಿನಲ್ಲಿ ಕೇಳಿಸಬೇಕು ಅಂತ ನನಗೆ ಆಸೆ. ಹೋದ ವರ್ಷ ಅಡಿಕೆ ಮಾರಿದ ದುಡ್ಡು ಕೈಯಲ್ಲಿತ್ತು. ದೂರದ ಊರಿನ ಒಂದು ದೊಡ್ಡ ಅಂಗಡಿಗೆ ಹೋದೆ.

ಅಂಗಡಿಯ ಒಳಗೊಂದು ಕೋಣೆ. ನೆಲಕ್ಕೆ ದಪ್ಪ ಕಾರ್ಪೆಟ್, ಮೂರು ಕಡೆ ಭಾರದ ಪರದೆ, ಮೆತ್ತನೆ ಸೋಫಾ. ಬಾಗಿಲು ಹಾಕಿದರೆ ನಮ್ಮ ಉಸಿರು ನಮಗೇ ಕೇಳುತ್ತದೆ. ಅಲ್ಲಿ ಕೂರಿಸಿ ಒಂದು ಹೆಣ್ಣು ದನಿ ಹಾಕಿದರು. ಎದುರಿಗೇ ನಿಂತು ಹಾಡಿದ ಹಾಗೆ. ಮೊದಲು ಕಮ್ಮಿ ರೇಟಿನ ಆಂಪ್ಲಿಫೈಯರ್, ಆಮೇಲೆ ಜಾಸ್ತಿ ರೇಟಿನದ್ದು. ಎರಡನೆಯದು ಎಷ್ಟೋ ಚೆನ್ನಾಗಿದೆ ಅನ್ನಿಸಿತು. ವಾಲ್ಯೂಮ್ ಒಂಚೂರು ಏರಿಸಿದರೆ ಸಾಕು, ನಮ್ಮ ಕಿವಿ ಅದನ್ನೇ ಒಳ್ಳೆಯ ಸ್ವರ ಅಂತ ತಿಳಿಯುತ್ತದೆ. ಎರಡನ್ನೂ ಒಂದೇ ಮಟ್ಟಕ್ಕೆ ಇಟ್ಟು ಕೇಳಿಸಿ ಅಂತ ಕೇಳಬೇಕು ಎಂದು ನನಗೆ ಆವತ್ತು ಗೊತ್ತಿರಲಿಲ್ಲ. ಕಣ್ಣೂ ಮೋಸ ಮಾಡುತ್ತದೆ. 1994ರಲ್ಲಿ ಫ್ಲಾಯ್ಡ್ ಟೂಲ್, ಶಾನ್ ಆಲಿವ್ ಎಂಬ ಸಂಶೋಧಕರು ಅವೇ ಸ್ಪೀಕರ್‌ಗಳನ್ನು ಒಮ್ಮೆ ಕಾಣುವ ಹಾಗೆ, ಒಮ್ಮೆ ಪರದೆಯ ಹಿಂದೆ ಇಟ್ಟು ಕೇಳಿಸಿದರು. ಕಂಡಾಗ ಜನ ಕೊಟ್ಟ ಅಂಕಕ್ಕೂ ಕಾಣದಾಗ ಕೊಟ್ಟದ್ದಕ್ಕೂ ಸಾಕಷ್ಟು ವ್ಯತ್ಯಾಸ ಇತ್ತು.

ನನ್ನ ಮನೆಯ ಚಾವಡಿ ಎಷ್ಟು ಉದ್ದ, ಎಷ್ಟು ಅಗಲ, ನೆಲ ಯಾವುದು, ಯಾರು ಕೇಳುವುದು, ಏನು ಕೇಳುವುದು, ಒಂದನ್ನೂ ಅಂಗಡಿಯವರು ವಿಚಾರಿಸಲಿಲ್ಲ. ನನಗೆ ಈಗಲೂ ಬೇಸರ ಇರುವುದು ಇದೇ ವಿಷಯಕ್ಕೆ.

ನಮ್ಮ ಚಾವಡಿ 16 ಅಡಿಗೆ 12 ಅಡಿ. ಕೆಂಪುಕಲ್ಲಿನ ಗೋಡೆಗೆ ನುಣ್ಣನೆ ಸಿಮೆಂಟ್ ಸಾರಣೆ, ಮೇಲೆ ತಾರಸಿ, ಕೆಳಗೆ ಟೈಲ್ಸ್. ಮನೆಗೆ ತಂದು ಹಾಕಿದ ಮೊದಲ ದಿನವೇ ಅಪ್ಪ ಕೈಯನ್ನು ಕಿವಿಗೆ ಅಡ್ಡ ಹಿಡಿದು ಕೂತರು. ಚೆಂಡೆ ಬಿದ್ದಾಗ ಮುಖ ಹಿಂಡಿದರು. ಅರ್ಧ ಗಂಟೆ ಕಳೆದ ಮೇಲೆ, "ಸ್ವರ ದೊಡ್ಡದು ಉಂಟು ಮಾರಾಯ, ಅರ್ಥ ಹೇಳುವುದು ಎಂತದು ಅಂತಲೇ ತಿಳಿಯುವುದಿಲ್ಲ" ಅಂದರು. ಎದ್ದು ಜಗಲಿಗೆ ಹೋದರು.

ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಬೋಳು ಗೋಡೆ, ಬೋಳು ನೆಲ ಸದ್ದನ್ನು ಹೀರುವುದಿಲ್ಲ, ತಿರುಗಿ ಎಸೆಯುತ್ತವೆ. ಒಂದು ಅಕ್ಷರದ ಬಾಲ ಮುಗಿಯುವ ಮೊದಲೇ ಇನ್ನೊಂದು ಬಂದು ಅದರ ಮೇಲೆ ಬೀಳುತ್ತದೆ. ವಯಸ್ಸಾದವರ ಕಿವಿಯಲ್ಲಿ ಮೇಲಿನ ಸ್ವರಗಳು ಮೊದಲೇ ಕುಗ್ಗಿರುತ್ತವೆ. ಸ, ಶ, ತ, ಕ ಮುಂತಾದ ಅಕ್ಷರ ಬೇರೆ ಬೇರೆಯಾಗಿ ಕೇಳುವುದು ಆ ಸ್ವರಗಳಿಂದಲೇ. ತಾಳಮದ್ದಳೆ ಪೂರ್ತಿ ನಿಂತಿರುವುದು ಮಾತಿನ ಮೇಲೆ ಅಲ್ವಾ? ಇನ್ನು ಮದ್ದಳೆಯ ತಗ್ಗು ಸ್ವರ ಮೂಲೆಯಲ್ಲಿ ಗುಂಯ್ ಅನ್ನುತ್ತಿತ್ತು, ನಡುವೆ ಬಂದು ಕೂತರೆ ಮಾಯ. 12 ಅಡಿಯ ಎರಡು ಗೋಡೆಗಳ ನಡುವೆ ಸುಮಾರು 47 ಹರ್ಟ್ಸಿನ (ಸೆಕೆಂಡಿಗೆ 47 ಕಂಪನದ) ತಗ್ಗು ಸ್ವರ ಬೇಗ ಅಡಗದೆ ಉಳಿದುಬಿಡುತ್ತದೆ. ಯಾವ ಕಂಪನಿಯ ಸ್ಪೀಕರ್ ತಂದರೂ ಆ ಗೋಡೆಗಳು ಅಲ್ಲೇ ಇರುತ್ತವೆ.

ಅಂಗಡಿಗೆ ಫೋನ್ ಮಾಡಿದೆ. "ಸರ್, ನಿಮ್ಮ ಕೇಬಲ್ ಸರಿಯಿಲ್ಲ" ಅಂದರು. ಅವರು ಹೇಳಿದ ಕೇಬಲ್ಲಿಗೆ 38 ಸಾವಿರ. ನಂಬಿ ತರಿಸಿದೆ. ಕೂದಲೆಳೆಯಷ್ಟೂ ಬದಲಾಗಲಿಲ್ಲ. ಆಮೇಲೆ ಲೆಕ್ಕ ಹಾಕಿದೆ. ಕರೆಂಟಿನ ಅಂಗಡಿಯಲ್ಲಿ ಸಿಗುವ 2.5 ಸ್ಕ್ವೇರ್ ಎಂಎಂ ತಾಮ್ರದ ವಯರನ್ನು 5 ಮೀಟರ್ ಎಳೆದರೆ, ಹೋಗಿ ಬರುವ ಎರಡೂ ಎಳೆ ಸೇರಿ ಕರೆಂಟಿಗೆ ಆಗುವ ತಡೆ 0.1 ಓಮ್ ಕೂಡ ಇಲ್ಲ. ನನ್ನ ಸ್ಪೀಕರ್ 8 ಓಮಿನದ್ದು. ಅಷ್ಟು ದೂರಕ್ಕೆ ಆ ವಯರೇ ಧಾರಾಳ ಸಾಕು.

ಕಣ್ಣು ತೆರೆಸಿದ್ದು ನಮ್ಮೂರಿನ ಮೈಕ್ ಸೆಟ್ಟಿನ ಹುಡುಗ. ಯಕ್ಷಗಾನಕ್ಕೆ, ಮದುವೆಗೆ ಸೌಂಡ್ ಹಾಕುವವನು. ಬಂದವನು ಸೆಟ್ಟನ್ನು ಮುಟ್ಟಲೇ ಇಲ್ಲ. ಚಾವಡಿಯ ನಡುವೆ ನಿಂತು ಜೋರಾಗಿ ಒಂದು ಚಪ್ಪಾಳೆ ತಟ್ಟಿದ. ಟರ್‌ರ್‌ರ್ ಅಂತ ಗೋಡೆಯಿಂದ ಗೋಡೆಗೆ ಓಡಿತು. "ಅಣ್ಣ, ಇದನ್ನು ಮೊದಲು ನಿಲ್ಲಿಸುವ" ಅಂದ. ಅಟ್ಟದಿಂದ ಎರಡು ಹಳೆಯ ಹತ್ತಿ ಹಾಸಿಗೆ ಇಳಿಸಿ ಎರಡು ಬದಿಯ ಗೋಡೆಗೆ ಒರಗಿಸಿದೆವು. ನೆಲಕ್ಕೆ ದಪ್ಪ ಜಮಖಾನ. ಗೋಡೆಗೆ ಅಂಟಿಸಿಟ್ಟ ಸ್ಪೀಕರನ್ನು ಎರಡೂವರೆ ಅಡಿ ಮುಂದೆ ತಂದ. ಮತ್ತೆ ಚಪ್ಪಾಳೆ. ಟಪ್ ಅಂತ ಅಲ್ಲಿಗೇ ನಿಂತಿತು. ಅಪ್ಪನನ್ನು ಕರೆದೆ. ಅದೇ ಕ್ಯಾಸೆಟ್. ಈ ಸಲ ಅವರು ಎದ್ದು ಹೋಗಲಿಲ್ಲ. ಭಾಗವತರು ಪದದ ನಡುವೆ ಗಂಟಲು ಸರಿಮಾಡಿಕೊಂಡದ್ದನ್ನೂ ಗುರುತಿಸಿದರು. ಒಂದು ರೂಪಾಯಿ ಖರ್ಚಿಲ್ಲ.

ಇಷ್ಟು ಒಳ್ಳೆಯ ಆಡಿಯೊ ಸೆಟ್ಟನ್ನು ನಮ್ಮ ಕಡೆ ಬೆರಳೆಣಿಕೆಯ ಮಂದಿ ಮಾತ್ರ ಯಾಕೆ ಇಟ್ಟುಕೊಂಡಿದ್ದಾರೆ ಅಂತ ಆವತ್ತಿನಿಂದ ಯೋಚಿಸುತ್ತಿದ್ದೇನೆ. ದುಡ್ಡೊಂದೇ ಕಾರಣ ಅಲ್ಲ. ಕಾಸರಗೋಡಿನಲ್ಲಿ ಗಲ್ಫಿಗೆ ಹೋದವರು ತಂದ ಟು-ಇನ್-ವನ್ (ರೇಡಿಯೊ, ಕ್ಯಾಸೆಟ್ ಎರಡೂ ಇರುವ ಪೆಟ್ಟಿಗೆ) ಎಷ್ಟು ಮನೆಗಳಲ್ಲಿತ್ತು! ಮೇಜಿನ ಮೇಲಿಟ್ಟು ಗುಂಡಿ ಒತ್ತಿದರೆ ಮುಗಿಯಿತು. ಅಮ್ಮ ಅಡಿಗೆಮನೆಯಿಂದ ಕೇಳುತ್ತಿದ್ದರು, ಅಡಿಕೆ ಸುಲಿಯುವವರು ಅಂಗಳದಿಂದ ಕೇಳುತ್ತಿದ್ದರು. ಈ ಸೆಟ್ಟಿಗೆ ಹಾಗಲ್ಲ. ಅದಕ್ಕೆ ಒಂದು ಕೋಣೆ ಬೇಕು, ಆ ಕೋಣೆಯಲ್ಲಿ ಒಂದೇ ಕುರ್ಚಿ ಸರಿಯಾದ ಜಾಗದಲ್ಲಿ ಇರುತ್ತದೆ, ಒಬ್ಬರು ಸುಮ್ನೆ ಕೂತು ಕೇಳಬೇಕು. ಉಳಿದವರಿಗೆ ಫೋನಿದೆ. ಮೇಲೆ ನಮ್ಮ ಮಳೆಗಾಲದ ತೇವ. ಸ್ಪೀಕರಿನಲ್ಲಿ ಅದುರುವ ಕೋನಿನ ಸುತ್ತಲಿನ ಅಂಚು ಫೋಮಿನದ್ದಾದರೆ ಕೆಲವು ವರ್ಷಕ್ಕೆ ಪುಡಿಯಾಗುತ್ತದೆ, ರಬ್ಬರಿನದ್ದನ್ನೇ ನೋಡಿ ತೆಗೆದುಕೊಳ್ಳಿ. ಇದನ್ನೆಲ್ಲ ಹೇಳಿಕೊಡುವವರು ಇಲ್ಲ, ಪೆಟ್ಟಿಗೆ ಮಾರುವವರು ಮಾತ್ರ ಇದ್ದಾರೆ.

ನನ್ನ ಕಷ್ಟ ಅಲ್ಲಿಗೂ ಮುಗಿಯಲಿಲ್ಲ. ಅಕ್ಟೋಬರಿನಲ್ಲಿ ಒಂದು ಸಂಜೆ ಸಿಡಿಲು. ಸೆಟ್ಟಿನ ಪ್ಲಗ್ ಕಿತ್ತಿದ್ದೆ. ಆದರೆ ಡಿಶ್ಶಿನ ಕೇಬಲ್ ಟಿವಿಗೆ, ಟಿವಿಯಿಂದ ಆಂಪ್ಲಿಫೈಯರಿಗೆ ವಯರ್ ಹಾಗೇ ಇತ್ತು. ಅದರ ಮೂಲಕ ಬಂದು ಆಂಪ್ಲಿಫೈಯರ್ ಸುಟ್ಟಿತು. ಆ ವಯರುಗಳನ್ನೂ ತೆಗೆಯಿರಿ. ವಾರಂಟಿಯಲ್ಲಿ ಸಿಡಿಲು ಸೇರುವುದಿಲ್ಲ, ಅದು ಗೊತ್ತಿತ್ತು. ದುಡ್ಡು ಕೊಟ್ಟೇ ರಿಪೇರಿ ಮಾಡಿಸುವ ಅಂತ ಕಂಪನಿಯ ಸರ್ವಿಸ್ ಸೆಂಟರಿಗೆ ಬರೆದರೆ, ಈ ಸೀರಿಯಲ್ ನಂಬರ್ ನಾವು ಭಾರತಕ್ಕೆ ತರಿಸಿದ ಮಾಲಿನದ್ದಲ್ಲ, ಮುಟ್ಟುವುದಿಲ್ಲ ಅಂದರು. ಬಿಲ್ ತೆಗೆದು ನೋಡಿದೆ. "ಆಡಿಯೊ ಗೂಡ್ಸ್, 1 ಸೆಟ್." ಅಷ್ಟೇ. ಮಾಡೆಲ್ ಇಲ್ಲ, ಸೀರಿಯಲ್ ನಂಬರ್ ಇಲ್ಲ. ಹೊರದೇಶದ ಮಾಲಿನ ಪೆಟ್ಟಿಗೆಯ ಮೇಲೆ ತರಿಸಿದವರ ಹೆಸರು, ವಿಳಾಸ, ಎಂಆರ್‌ಪಿ ಇರಬೇಕು ಅಂತ 2011ರ ನಿಯಮವೇ ಇದೆ. ನನ್ನ ಪೆಟ್ಟಿಗೆಯಲ್ಲಿ ಆ ಚೀಟಿಯೇ ಇರಲಿಲ್ಲ.

1915ಕ್ಕೆ ಫೋನ್ ಮಾಡಿ ವಿಷಯ ಹೇಳಿದೆ, ಅದು ಗ್ರಾಹಕರ ಸಹಾಯವಾಣಿ. 2019ರ ಗ್ರಾಹಕ ಕಾನೂನಿನ ಪ್ರಕಾರ ಅಂಗಡಿ ಎಲ್ಲೇ ಇರಲಿ, ನಾವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಹಾಗಾಗಿ ಕಾಸರಗೋಡಿನಲ್ಲೇ ಕೊಟ್ಟಿದ್ದೇನೆ. ದೂರು ಕೊಡಲು ಗಡುವು ಎರಡು ವರ್ಷ. ಈಗಾಗಲೇ ಇಂಥ ಸೆಟ್ ಕೊಂಡವರು ಇವತ್ತೇ ಬಿಲ್ ಹುಡುಕಿ, ಸೆಟ್ಟಿನ ಬೆನ್ನಿಗಿರುವ ನಂಬರ್ ಅದರಲ್ಲಿ ಇದೆಯಾ ನೋಡಿ. ಇಲ್ಲದಿದ್ದರೆ ನಾಳೆಯೇ ಅಂಗಡಿಯವರಿಂದ ಬರೆಸಿಕೊಳ್ಳಿ.