ಸಿರಪ್ಪೋ, ಪುಡಿಯೋ, ಹರಳೆಣ್ಣೆಯೋ? ಮಗಳ ಮಲಬದ್ಧತೆಗೆ ನಾವು ಕೊಟ್ಟು ನೋಡಿದ್ದು

ಮಗುವಿಗೆ ಹೊಟ್ಟೆ ಕಟ್ಟಿದೆ ಎಂದು ಬಾಯಿಬಿಟ್ಟರೆ ದಾವಣಗೆರೆಯ ನಮ್ಮ ಓಣಿಯಲ್ಲಿ ಮನೆಗೊಂದು ಮದ್ದು ಸಿಗುತ್ತದೆ. ಮಗಳಿಗೆ ಈಗ ನಾಲ್ಕು ತುಂಬಿದೆ, ತೊಂದರೆ ಶುರುವಾಗಿ ವರ್ಷದ ಮೇಲಾಯಿತು. ಹುಟ್ಟಿದ ಎರಡು ದಿನದೊಳಗೆ ಮೊದಲ ಕಪ್ಪು ಮಲ ಹೋಗಿತ್ತೇ, ತೂಕ ಏರುತ್ತಿದೆಯೇ, ವಾಂತಿ ಇದೆಯೇ ಎಂದೆಲ್ಲ ಕೇಳಿ, ಹೊಟ್ಟೆ ಮುಟ್ಟಿ ನೋಡಿ, ಕರುಳಿನ ಹುಟ್ಟುದೋಷದ ಲಕ್ಷಣವಿಲ್ಲ ಎಂದಾದ ಮೇಲೆಯೇ ಡಾಕ್ಟರು ಮದ್ದಿನ ಮಾತೆತ್ತಿದರು. ಆ ಪರೀಕ್ಷೆ ಆಗದ ಮಕ್ಕಳಿಗೆ ಈ ಹೋಲಿಕೆ ಬೇಡ.

ಹರಳೆಣ್ಣೆ ಅತ್ತೆಯವರ ಆಯ್ಕೆ. ಕೆಲಸ ಮಾಡುತ್ತದೆ, ಆದರೆ ಕರುಳನ್ನು ಕೆರಳಿಸಿ ಮಾಡುತ್ತದೆ. ಮಗು ಹೊಟ್ಟೆ ಹಿಡಿದುಕೊಂಡು ಅತ್ತಿತು. ನೋವಾದರೆ ಮಗು ಇನ್ನಷ್ಟು ಬಿಗಿಹಿಡಿಯುತ್ತದೆ. ಕಾಲು ಹೆಣೆದುಕೊಂಡು, ತುದಿಗಾಲಲ್ಲಿ ಗೋಡೆಗೆ ಒರಗಿ ನಿಲ್ಲುವುದು ತಿಣುಕುವುದಕ್ಕಲ್ಲ, ತಡೆಯುವುದಕ್ಕೆ. ಡಾಕ್ಟರು ಬೇಡ ಎಂದರು, ಬಿಟ್ಟೆವು.

ಆಮೇಲೆ ಲ್ಯಾಕ್ಟುಲೋಸ್ ಸಿರಪ್. ಸಿಹಿ, ಹಾಗಾಗಿ ಕುಡಿಸಲು ಜಗಳವಿಲ್ಲ. ಇದು ರಕ್ತಕ್ಕೆ ಸೇರದ ಸಕ್ಕರೆ, ದೊಡ್ಡ ಕರುಳಿಗೆ ಹೋಗಿ ನೀರೆಳೆದು ಮಲವನ್ನು ಮೆತ್ತಗೆ ಮಾಡುತ್ತದೆ. ಅಲ್ಲಿನ ಬ್ಯಾಕ್ಟೀರಿಯಾ ಅದನ್ನು ಹುಳಿಯಿಸುವುದರಿಂದ ಗಾಳಿ ತುಂಬುತ್ತದೆ. ರಾತ್ರಿ ಊಟದ ಮೇಲೆ ಕೊಟ್ಟರೆ ಹೊಟ್ಟೆ ಉಬ್ಬರಿಸಿ ನಿದ್ದೆ ಕೆಡುತ್ತಿತ್ತು, ಅವಳದ್ದೂ ನಮ್ಮದೂ.

ಪಾಲಿಎಥಿಲೀನ್ ಗ್ಲೈಕಾಲ್ ಪುಡಿ ಬಂದ ಮೇಲೆ ಮನೆ ತಣ್ಣಗಾಯಿತು. ಅದೂ ನೀರು ಹಿಡಿದಿಡುವ ಮದ್ದೇ, ಆದರೆ ಹುಳಿಯುವುದಿಲ್ಲ, ಗಾಳಿ ಕಡಿಮೆ. ನೀರಲ್ಲಿ ಕದಡಿದರೆ ರುಚಿಯೇ ಇಲ್ಲ. ಲವಣ ಬೆರೆಸಿದ್ದು ಮಾತ್ರ ಉಪ್ಪುಪ್ಪು, ಅದನ್ನು ಅವಳು ಉಗಿದಳು. ಮಕ್ಕಳ ಮಲಬದ್ಧತೆಗೆ ಮೊದಲ ಆಯ್ಕೆ ಇದೇ, ಸಿಗದಿದ್ದರೆ ಲ್ಯಾಕ್ಟುಲೋಸ್ ಎಂದು ಯುರೋಪು ಮತ್ತು ಉತ್ತರ ಅಮೆರಿಕದ ಮಕ್ಕಳ ಜೀರ್ಣಾಂಗ ತಜ್ಞರ ಸಂಘಗಳು 2014ರಲ್ಲೇ ಹೇಳಿವೆ. ಮೊದಲು ಪುಡಿಯನ್ನು ಹೆಚ್ಚಿನ ಪ್ರಮಾಣದಲ್ಲಿ ಕೆಲವು ದಿನ ಕೊಟ್ಟು ಗಟ್ಟಿಯಾಗಿ ಕೂತದ್ದನ್ನು ತೆರವು ಮಾಡಬೇಕು, ಆಮೇಲೆ ಸಣ್ಣ ಪ್ರಮಾಣ. ಎಷ್ಟು ಗ್ರಾಂ ಎಂಬುದು ಮಗುವಿನ ತೂಕ ನೋಡಿ ಡಾಕ್ಟರು ಹೇಳುವ ಲೆಕ್ಕ.

“ದಿನಾ ಕೊಟ್ರೆ ರೂಢಿ ಬೀಳ್ತೈತಿ ನೋಡವ್ವ” ಎಂದು ಅತ್ತೆ ಈಗಲೂ ಗೊಣಗುತ್ತಾರೆ. ರೂಢಿ ಬೀಳುವುದಿಲ್ಲ. ಬಹಳ ದಿನ ಮಲ ಕೂತು ಹಿಗ್ಗಿದ ಕರುಳಿನ ತುದಿಗೆ ‘ಬಂತು’ ಎಂಬ ಸೂಚನೆಯೇ ಮಂದವಾಗಿರುತ್ತದೆ. ಅದು ಕುಗ್ಗಲು ತಿಂಗಳುಗಳು ಬೇಕು. ಅದಕ್ಕೇ ಕನಿಷ್ಠ ಎರಡು ತಿಂಗಳು, ಎಲ್ಲ ಸರಿಹೋದ ಮೇಲೂ ಒಂದು ತಿಂಗಳು, ಆಮೇಲೆ ನಿಧಾನವಾಗಿ ಇಳಿಸುವುದು. ಚಡ್ಡಿಗೆ ಅಂಟುವ ತೆಳುಮಲವನ್ನು ಭೇದಿ ಎಂದುಕೊಂಡು ಪುಡಿ ನಿಲ್ಲಿಸುವವರಿದ್ದಾರೆ. ಅದು ಎಷ್ಟೋ ಸಲ ಗಟ್ಟಿಮಲದ ಪಕ್ಕದಿಂದ ಸೋರುವುದು, ಬೈದರೆ ಮಗು ಇನ್ನೂ ಬಚ್ಚಿಡುತ್ತದೆ.

ಊಟದಲ್ಲಿ ರಾಗಿಗೂ ಅನ್ನಕ್ಕೂ ಹೋಲಿಕೆಯೇ ಇಲ್ಲ: ನೂರು ಗ್ರಾಂ ರಾಗಿಯಲ್ಲಿ ನಾರು ಸುಮಾರು 11 ಗ್ರಾಂ, ಪಾಲಿಶ್ ಅಕ್ಕಿಯಲ್ಲಿ ಮೂರರ ಆಸುಪಾಸು. ಸಂಜೆಯ ಮಂಡಕ್ಕಿಯೂ ಅಕ್ಕಿಯೇ, ಅದನ್ನು ಊರವರೆದುರು ಹೇಳುವ ಧೈರ್ಯ ನನಗಿಲ್ಲ. ಆದರೂ ಮುದ್ದೆ, ಸೀಬೆಹಣ್ಣು ಎಷ್ಟು ಕೊಟ್ಟರೂ ಅವಷ್ಟೇ ಸಾಲಲಿಲ್ಲ. ಹಾಲು ಕಡಿಮೆ ಮಾಡಿದ್ದು ಹಸಿವಿಗೆ ಒಳ್ಳೆಯದಾಯಿತು.

ಕೂರುವ ಜಾಗವೂ ಬದಲಾಯಿತು. ನೆಲದ ಸಂಡಾಸಿನಲ್ಲಿ ಕುಕ್ಕರಗಾಲೇ ಸರಿಯಾದ ಭಂಗಿ, ಆದರೆ ಜಾರಿಬೀಳುವ ಭಯ. ಕಮೋಡಿನಲ್ಲಿ ಕಾಲು ನೇತಾಡಿ ತಿಣುಕಲು ಆಗದು. ಕಾಲಡಿಗೆ ಮಣೆಯಿಟ್ಟು ಮಂಡಿ ಸೊಂಟಕ್ಕಿಂತ ಮೇಲೆ ಬರುವಂತೆ ಮಾಡಿದೆವು, ತಿಂಡಿ ತಿಂದ ಕೂಡಲೇ ಸ್ವಲ್ಪ ಹೊತ್ತು ಕೂರಿಸುತ್ತೇವೆ. ತಿಂದ ಮೇಲೆ ಕರುಳು ತಾನಾಗಿಯೇ ಚುರುಕಾಗುವ ಹೊತ್ತು ಅದು.

ನನ್ನ ಮತ ಪುಡಿಗೆ. ಒಂದೇ ತಕರಾರು: ಅದಕ್ಕೆ ಲೋಟದಷ್ಟು ನೀರು ಬೇಕು, ಪೂರ್ತಿ ಕುಡಿಯಬೇಕು. ಅರ್ಧ ಕುಡಿದು ಅರ್ಧ ಚೆಲ್ಲುವ ಮಗುವಿಗೆ, ಮತ್ತೆ ವರ್ಷ ತುಂಬದ ಕೂಸಿಗೆ, ಡಾಕ್ಟರು ಚಮಚದಲ್ಲಿ ಮುಗಿಯುವ ಸಿರಪ್ಪನ್ನೇ ಬರೆದುಕೊಟ್ಟರೆ ಗಾಳಿಯ ಕಾಟ ಸಹಿಸಿಕೊಂಡು ಕೊಡುವುದೇ ವಾಸಿ.