ಮಂಡಿ ಸವೆತ, ಬೆನ್ನುನೋವುಗಳೊಂದಿಗೆ ಓಟ ಕಲಿತದ್ದು: ಮುಂಬಯಿಯ ಮಾಟುಂಗಾದ ಫಿಸಿಯೋಥೆರಪಿ ಕೇಂದ್ರವೊಂದರಲ್ಲಿ ಹನ್ನೆರಡು ವಾರ

ಐವತ್ತೊಂದನೆಯ ವಯಸ್ಸಿನಲ್ಲಿ ಓಡುವುದನ್ನು ಕಲಿಯುತ್ತೇನೆಂದು ನಾನು ಹೇಳಿದಾಗ ಮನೆಯಲ್ಲಿ ಯಾರಿಗೂ ಅದು ಸರಿಕಾಣಲಿಲ್ಲ. ಎರಡೂ ಮಂಡಿಗಳ ಬದಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿರುವ ಅತ್ತೆಯವರು, "ಇರುವ ಮಂಡಿಯನ್ನು ಜೋಪಾನ ಮಾಡಿಕೊಳ್ಳಮ್ಮ, ನೀನಾಗಿ ಸವೆಸಿಕೊಳ್ಳಬೇಡ" ಎಂದರು. ಅವರ ಕಳವಳಕ್ಕೆ ಕಾರಣವಿತ್ತು. ನನ್ನ ಬಲ ಮಂಡಿಯಲ್ಲಿ ಸವೆತ ಆರಂಭವಾಗಿದೆ. ಸೊಂಟದ ಭಾಗದ ಬೆನ್ನೆಲುಬಿನಲ್ಲಿ ಎಲ್‌4–ಎಲ್‌5 ಎಂದು ಗುರುತಿಸುವ ಮೂಳೆಗಳ ನಡುವಿನ ಮೆತ್ತೆಯಂಥ ಡಿಸ್ಕ್ ಉಬ್ಬಿದೆಯೆಂದು ಎರಡು ವರ್ಷದ ಹಿಂದಿನ ಎಂಆರ್‌ಐ ವರದಿ ಹೇಳುತ್ತದೆ. ವಡಾಲದಿಂದ ಫೋರ್ಟ್‌ನಲ್ಲಿರುವ ಬ್ಯಾಂಕಿಗೆ ಹಾರ್ಬರ್ ಲೈನಿನ ಲೋಕಲ್ ರೈಲಿನಲ್ಲಿ ನಿಂತು ಹೋಗಿ, ದಿನವಿಡೀ ಕುರ್ಚಿಯಲ್ಲಿ ಕುಳಿತು, ಸಂಜೆ ಮತ್ತೆ ನಿಂತು ಬರುವ ದಿನಚರಿಯಲ್ಲಿ ಈ ಎರಡು ನೋವುಗಳೂ ಕೂಡಿಕೊಂಡು, ರಾತ್ರಿ ಮಗ್ಗುಲು ಬದಲಿಸುವುದೇ ಕಷ್ಟವೆನಿಸುವ ಸ್ಥಿತಿಗೆ ಬಂದಿದ್ದೆ.

ಮೂಳೆ ವೈದ್ಯರು ನನ್ನನ್ನು ಪರೀಕ್ಷಿಸಿ, ನರದ ಮೇಲೆ ಒತ್ತಡವಿಲ್ಲವೆಂದೂ, ಸರಿಯಾದ ಮಾರ್ಗದರ್ಶನದಲ್ಲಿ ನಿಧಾನವಾಗಿ ಆರಂಭಿಸುವುದಾದರೆ ಓಟಕ್ಕೆ ಅಡ್ಡಿಯಿಲ್ಲವೆಂದೂ ತಿಳಿಸಿದರು. ಆ ಮಾರ್ಗದರ್ಶನವನ್ನು ಹುಡುಕುತ್ತ ಹೋದಾಗ, ಮೈಸೂರು ಅಸೋಸಿಯೇಷನ್ನಿನ ಕಾರ್ಯಕ್ರಮವೊಂದರಲ್ಲಿ ಸಿಕ್ಕ ಪರಿಚಿತರೊಬ್ಬರು ಮಾಟುಂಗಾ ಪೂರ್ವದ ಒಂದು ಫಿಸಿಯೋಥೆರಪಿ ಕೇಂದ್ರವನ್ನು ಸೂಚಿಸಿದರು. ಕೇಂದ್ರದ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ. ಕೆಲವು ಆಕ್ಷೇಪಗಳನ್ನೂ ಇಲ್ಲಿ ಹೇಳಬೇಕಾಗಿದೆ. ಅದಕ್ಕಿಂತ ಹೆಚ್ಚಾಗಿ, ಇಂಥ ಸೇವೆ ಒದಗಿಸುವ ಯಾವ ಕೇಂದ್ರಕ್ಕೆ ಹೋದರೂ ಏನನ್ನು ಕೇಳಬೇಕು, ಏನನ್ನು ಗಮನಿಸಬೇಕು ಎಂಬುದು ಓದುವವರಿಗೆ ತಿಳಿಯಬೇಕೆಂಬುದು ನನ್ನ ಉದ್ದೇಶ. ನಾನು ಸೇರಿದ್ದು 12 ವಾರಗಳ, 16 ಭೇಟಿಗಳ ಕ್ರಮಕ್ಕೆ. ಶುಲ್ಕ 14,400 ರೂಪಾಯಿ, ಅಂದರೆ ಭೇಟಿಗೆ 900 ರೂಪಾಯಿ. ಮಳೆಗಾಲ ಪೂರ್ತಿ ಮುಗಿದು ಬೆಳಗಿನ ಸೆಕೆ ತುಸು ಇಳಿಯಲೆಂದು ಕಾದು, ನವೆಂಬರಿನಲ್ಲಿ ಆರಂಭಿಸಿದೆ.

ಮೊದಲ ಭೇಟಿ ಒಂದು ಗಂಟೆಗೂ ಮೀರಿ ನಡೆಯಿತು. ನನ್ನನ್ನು ನೋಡಿಕೊಂಡ ಫಿಸಿಯೋಥೆರಪಿಸ್ಟ್ ಧಾರವಾಡ ಕಡೆಯ ಯುವತಿ. ನಾನು ಫೋನಿನಲ್ಲಿ ಮಗಳೊಂದಿಗೆ ಮಾತನಾಡುವುದನ್ನು ಕೇಳಿಸಿಕೊಂಡು ಆಕೆಯೂ ಕನ್ನಡಕ್ಕೆ ತಿರುಗಿದರು. ಕಾಲಿನಲ್ಲಿ ಜೋಮು ಹಿಡಿಯುತ್ತದೆಯೇ, ಪಾದ ಎತ್ತಿಡುವಾಗ ಸೋಲುತ್ತದೆಯೇ, ಮೂತ್ರದ ಮೇಲೆ ಹಿಡಿತ ತಪ್ಪಿದ್ದುಂಟೇ, ತೊಡೆಸಂದಿಯ ಸುತ್ತ ಸ್ಪರ್ಶ ತಿಳಿಯದಂತಾಗಿದೆಯೇ ಎಂದು ಒಂದೊಂದಾಗಿ ಕೇಳಿ ಬರೆದುಕೊಂಡರು. ಇವುಗಳಲ್ಲಿ ಕೊನೆಯ ಎರಡರಲ್ಲಿ ಒಂದು ಕಾಣಿಸಿಕೊಂಡರೂ ವ್ಯಾಯಾಮದ ಮಾತು ಬಿಟ್ಟು ನೇರವಾಗಿ ಆಸ್ಪತ್ರೆಗೆ ಓಡಬೇಕೆಂದು ಎಚ್ಚರಿಸಿದರು. ಬೆನ್ನುನೋವಿರುವವರನ್ನು ಈ ಪ್ರಶ್ನೆಗಳನ್ನು ಕೇಳದೆಯೇ ಟ್ರೆಡ್‌ಮಿಲ್ ಹತ್ತಿಸುವ ಜಾಗವಿದ್ದರೆ ಅಲ್ಲಿಂದ ಎದ್ದು ಬರುವುದು ಒಳಿತೆಂದು ನಾನು ಭಾವಿಸುತ್ತೇನೆ.

ಆಮೇಲೆ ಪರೀಕ್ಷೆಗಳು ನಡೆದವು. ಕುರ್ಚಿಯಿಂದ ಕೈಯೂರದೆ ಅರ್ಧ ನಿಮಿಷದಲ್ಲಿ ಎಷ್ಟು ಬಾರಿ ಎದ್ದು ಕುಳಿತುಕೊಳ್ಳಬಲ್ಲೆ, ಒಂಟಿ ಕಾಲಿನಲ್ಲಿ ಎಷ್ಟು ಹೊತ್ತು ನಿಲ್ಲಬಲ್ಲೆ ಎಂದು ನೋಡಿದರು. ಒಂಟಿ ಕಾಲಿನ ಮೇಲೆ ಹಿಮ್ಮಡಿ ಎತ್ತಿ ಇಳಿಸುವ ಪರೀಕ್ಷೆಯಲ್ಲಿ ಎಡಗಾಲು 17 ಬಾರಿ ಎತ್ತಿತು, ಬಲಗಾಲು 9ಕ್ಕೆ ಸೋತಿತು. ನನ್ನ ಮಂಡಿಯ ಬಗ್ಗೆ ಇಷ್ಟು ವರ್ಷ ಮಾತನಾಡಿದ ಯಾರೂ ಮೀನಖಂಡವನ್ನು ಮುಟ್ಟಿ ನೋಡಿರಲಿಲ್ಲ. ಓಡುವಾಗ ಪ್ರತಿ ಹೆಜ್ಜೆಗೂ ನೆಲದಿಂದ ದೇಹತೂಕದ ಎರಡರಿಂದ ಮೂರು ಪಟ್ಟು ಬಲ ಬರುತ್ತದೆ. ಅದನ್ನು ಮೀನಖಂಡ, ತೊಡೆ ಮತ್ತು ಪೃಷ್ಠದ ಸ್ನಾಯುಗಳು ಹಂಚಿಕೊಳ್ಳದಿದ್ದರೆ ಮಂಡಿ ಮತ್ತು ಸೊಂಟ ಹೊರಬೇಕಾಗುತ್ತದೆ ಎಂದು ಆಕೆ ವಿವರಿಸಿದಾಗ, ನನ್ನ ಬಲಗಾಲಿನ ಕತೆ ನನಗೇ ಅರ್ಥವಾಯಿತು.

ಮೊದಲ ಮೂರು ವಾರ ಓಟವೇ ಇರಲಿಲ್ಲ. ಮೆಟ್ಟಿಲಿನ ಅಂಚಿನಲ್ಲಿ ನಿಂತು ಹಿಮ್ಮಡಿ ಎತ್ತುವುದು, ಗೋಡೆಗೆ ಬೆನ್ನು ಕೊಟ್ಟು ಅರ್ಧ ಕೂರುವುದು, ತಗ್ಗು ಸ್ಟೂಲಿನ ಮೇಲೆ ಹತ್ತಿ ನಿಧಾನವಾಗಿ ಇಳಿಯುವುದು, ಇವುಗಳ ಜೊತೆಗೆ ಬೆನ್ನಿಗೆ ಮೂರು ವ್ಯಾಯಾಮಗಳು. ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯದಲ್ಲಿ ಬೆನ್ನೆಲುಬಿನ ಬಗ್ಗೆ ದೀರ್ಘಕಾಲ ಸಂಶೋಧನೆ ನಡೆಸಿದ ಸ್ಟುವರ್ಟ್ ಮ್ಯಾಕ್‌ಗಿಲ್ ಅವರ ಹೆಸರಿನೊಂದಿಗೆ ಈ ಮೂರನ್ನು ಗುರುತಿಸುತ್ತಾರೆ: ಸೊಂಟದ ಕೆಳಗೆ ಅಂಗೈ ಇಟ್ಟು ತಲೆ ಮತ್ತು ಭುಜವನ್ನು ಮಾತ್ರ ಸ್ವಲ್ಪ ಎತ್ತುವುದು, ಮಗ್ಗುಲಲ್ಲಿ ಮೊಣಕೈ ಊರಿ ಮೈಯನ್ನು ಹಲಗೆಯಂತೆ ನೇರ ಹಿಡಿಯುವುದು, ಅಂಬೆಗಾಲಿನ ಭಂಗಿಯಲ್ಲಿ ಒಂದು ಕೈಯನ್ನೂ ಎದುರು ಬದಿಯ ಕಾಲನ್ನೂ ಚಾಚುವುದು. ನಾನು ಮಗ್ಗುಲ ವ್ಯಾಯಾಮವನ್ನು ಆರಂಭದಲ್ಲಿ ಮಂಡಿ ಮಡಚಿಯೇ ಮಾಡಿದೆ. ಅರ್ಧ ಗಂಟೆ ಬಿರುಸಾಗಿ ನಡೆದು, ಮರುದಿನ ನೋವು ಹೆಚ್ಚಾಗದಿದ್ದರೆ ಮಾತ್ರ ಮುಂದಿನ ಹಂತ ಎಂಬ ಷರತ್ತಿತ್ತು. ಬೇಗ ಓಡಬೇಕೆಂಬ ಆತುರದಲ್ಲಿದ್ದ ನನಗೆ ಆಗ ಅದು ಸಾಕುಸಾಕೆನಿಸಿತ್ತು. ಈಗ ಯೋಚಿಸಿದರೆ ಶುಲ್ಕದ ಬಹುಪಾಲು ಬೆಲೆ ಆ ಮೂರು ವಾರಗಳಲ್ಲೇ ಇತ್ತು.

ಉಳಿದ ಬೆಲೆ ಇದ್ದದ್ದು ಒಂದು ನೂರು ಪುಟದ ಗೆರೆ ಪುಸ್ತಕದಲ್ಲಿ. ಮೊದಲ ಪುಟದಲ್ಲಿ ಆಕೆಯೇ ಸ್ಕೇಲ್ ಇಟ್ಟು ನಾಲ್ಕು ಕಲಂ ಎಳೆದುಕೊಟ್ಟರು: ದಿನಾಂಕ, ಮಾಡಿದ ಕೆಲಸ, ಓಡುವಾಗಿನ ನೋವು, ಮರುದಿನ ಬೆಳಗಿನ ನೋವು. ನೋವಿಗೆ ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಡಬೇಕು. ಎರಡರವರೆಗೆ ಚಿಂತೆಯಿಲ್ಲ, ಐದರವರೆಗೆ ಏರಿದರೂ ಮರುದಿನ ಬೆಳಿಗ್ಗೆ ಮೊದಲಿನ ಮಟ್ಟಕ್ಕೆ ಇಳಿದಿದ್ದರೆ ಅದೇ ಪ್ರಮಾಣದಲ್ಲಿ ಮುಂದುವರಿಯಬಹುದು, ಐದನ್ನು ಮೀರಿದರೆ ಅಥವಾ ಬೆಳಿಗ್ಗೆಯೂ ಉಳಿದಿದ್ದರೆ ಪ್ರಮಾಣ ತಗ್ಗಿಸಬೇಕು. "ಅಕ್ಕಾವ್ರ, ಓಡೂವಾಗ ಎಷ್ಟು ಬ್ಯಾನಿ ಆತು ಅನ್ನೂದಕಿಂತ ಮರುದಿನ ಮುಂಜಾನೆ ಏಳೂವಾಗ ಎಷ್ಟಿತ್ತು ಅನ್ನೂದು ನನಗ ಬೇಕು, ಅದನ್ನ ತಪ್ಪದ ಬರೀರಿ" ಎಂದು ಆಕೆ ಪ್ರತಿ ಭೇಟಿಯಲ್ಲೂ ನೆನಪಿಸಿದರು. ನೋವು ಬಂದ ಕೂಡಲೇ ಹೆದರಿ ವಾರಗಟ್ಟಲೆ ಮಲಗುವುದು, ಸ್ವಲ್ಪ ಕಡಿಮೆಯಾದ ಕೂಡಲೇ ಮಿತಿ ಮೀರಿ ನಡೆಯುವುದು, ಇದು ನನ್ನ ಎರಡು ವರ್ಷಗಳ ಅಭ್ಯಾಸವಾಗಿತ್ತು. ನಾಲ್ಕು ಕಲಂಗಳ ಆ ಪುಸ್ತಕ ನನ್ನನ್ನು ಅದರಿಂದ ಬಿಡಿಸಿತು.

ನಾಲ್ಕನೆಯ ವಾರದಲ್ಲಿ ಓಟ ಆರಂಭವಾಯಿತು: ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ, ಹೀಗೆ ಎಂಟು ಸುತ್ತು; ವಾರಕ್ಕೆ ಮೂರು ದಿನ, ಎರಡು ದಿನ ಒಟ್ಟೊಟ್ಟಿಗೆ ಕೂಡದು. ಎರಡನೆಯ ದಿನ ಆಕೆ ಹತ್ತಿರದ ಫೈವ್ ಗಾರ್ಡನ್ಸ್ ಉದ್ಯಾನಕ್ಕೆ ಬಂದು ನನ್ನ ಪಕ್ಕದಲ್ಲೇ ಓಡಿದರು. ಬೆಳಗಿನ ಆರೂಕಾಲು, ಮರಗಳ ಕೆಳಗೆ ಇನ್ನೂ ಮಬ್ಬು. ಆಕೆ ಮಾತನಾಡಲಿಲ್ಲ, ನನ್ನ ಹೆಜ್ಜೆಯ ಸದ್ದನ್ನು ಕೇಳಿಸಿಕೊಳ್ಳುತ್ತಿದ್ದರು. ಎಡಗಾಲು ಟಪ್ ಎಂದರೆ ಬಲಗಾಲು ಧಪ್ ಎನ್ನುತ್ತಿತ್ತು. ಅದನ್ನು ನಾನು ಅಂದೇ ಮೊದಲ ಬಾರಿ ಕೇಳಿಸಿಕೊಂಡೆ. ಒಂದು ನಿಮಿಷ ಎಣಿಸಿದಾಗ ನನ್ನ ಹೆಜ್ಜೆಗಳು 152. ದೂರ ದೂರಕ್ಕೆ ಕಾಲು ಚಾಚಿ ಹಿಮ್ಮಡಿ ಅಪ್ಪಳಿಸುವುದರಿಂದ ಮಂಡಿಗೆ ಏಟು ಹೆಚ್ಚು. ವೇಗ ಅಷ್ಟೇ ಇಟ್ಟುಕೊಂಡು ಹೆಜ್ಜೆಗಳ ಸಂಖ್ಯೆಯನ್ನು ಶೇಕಡಾ 5ರಿಂದ 10ರಷ್ಟು ಏರಿಸಿದರೆ ಮಂಡಿ ಮತ್ತು ತೊಡೆಕೀಲುಗಳ ಮೇಲಿನ ಹೊರೆ ತಗ್ಗುತ್ತದೆಂದು 2011ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದೆ. ಮೊಬೈಲಿನಲ್ಲಿ ತಾಳದ ಆ್ಯಪ್ ಹಾಕಿ 162ಕ್ಕೆ ಇಟ್ಟು, ಆ ಟಿಕ್ ಟಿಕ್‌ಗೆ ಹೆಜ್ಜೆ ಹೊಂದಿಸಲು ಹೇಳಿದರು. ಹೆಜ್ಜೆಗಳು ಚಿಕ್ಕದಾದವು, ಪಾದ ಮೈಯ ಕೆಳಗೇ ಬೀಳತೊಡಗಿತು, ಆರನೆಯ ಸುತ್ತಿನ ಹೊತ್ತಿಗೆ ಬಲಗಾಲಿನ ಧಪ್ ನಿಂತಿತ್ತು. ಮಂಡಿಯ ಅಂಕ ಅಂದು ನಾಲ್ಕರಿಂದ ಎರಡಕ್ಕೆ ಇಳಿಯಿತು. ಈ ಒಂದು ಬೆಳಗಿಗಾಗಿ ನಾನು ಆ ಕೇಂದ್ರಕ್ಕೆ ಋಣಿ.

ಜಾಗದ ಬಗ್ಗೆಯೂ ಉಪಯುಕ್ತ ಸಲಹೆ ಸಿಕ್ಕಿತು. ನಮ್ಮ ರಸ್ತೆಗಳು ಮಳೆನೀರು ಹರಿಯಲೆಂದು ಅಂಚಿನ ಕಡೆಗೆ ಇಳಿಜಾರಾಗಿರುತ್ತವೆ. ಯಾವಾಗಲೂ ಒಂದೇ ಬದಿಯಲ್ಲಿ ಓಡಿದರೆ ಒಂದು ಕಾಲು ತಗ್ಗಿನಲ್ಲಿ ಬಿದ್ದು ಸೊಂಟ ಓರೆಯಾಗುತ್ತದೆ. ಸಡಿಲಗೊಂಡ ಪೇವರ್ ಬ್ಲಾಕ್‌ಗಳು ಬೆನ್ನುನೋವಿನವರಿಗೆ ಕಾಂಕ್ರೀಟಿಗಿಂತ ಅಪಾಯಕಾರಿ, ಏಕೆಂದರೆ ಕಾಲು ಹೊರಳಿದಾಗ ಬೆನ್ನು ಥಟ್ಟನೆ ತಿರುಚಿಕೊಳ್ಳುತ್ತದೆ. ಹಾಗಾಗಿ ಭಾನುವಾರಗಳಲ್ಲಿ ಶಿವಾಜಿ ಪಾರ್ಕಿನ ಮಣ್ಣಿನ ನೆಲದಲ್ಲಿ ಓಡಿದೆ, ದಿನ ಬಿಟ್ಟು ದಿನ ಸುತ್ತುವ ದಿಕ್ಕನ್ನು ಬದಲಿಸಿದೆ.

ಏಳನೆಯ ವಾರದಲ್ಲಿ ತಪ್ಪು ಮಾಡಿದೆ. ಎರಡು ವಾರ ಅಂಕಗಳು ಎರಡರ ಕೆಳಗೇ ಇದ್ದುದರಿಂದ ಧೈರ್ಯ ಬಂದು, ರಜೆಯ ದಿನ ಮೆರೀನ್ ಡ್ರೈವ್‌ಗೆ ಹೋಗಿ, ಸಮುದ್ರದ ಗಾಳಿಗೆ ಮೈಮರೆತು, ನಿಗದಿಯಾಗಿದ್ದ ಎರಡು ಕಿಲೋಮೀಟರಿನ ಬದಲು ಸುಮಾರು ಐದು ಕಿಲೋಮೀಟರ್ ಓಡಿದೆ. ಮರುದಿನ ಬೆಳಿಗ್ಗೆ ಮುಖ ತೊಳೆಯಲು ಬೇಸಿನ್ನಿಗೆ ಬಾಗಲಾಗಲಿಲ್ಲ. ಕೇಂದ್ರಕ್ಕೆ ಮೂರು ಬಾರಿ ಫೋನ್ ಮಾಡಿದೆ; "ಮೇಡಂಗೆ ತಿಳಿಸುತ್ತೇವೆ" ಎಂದರೇ ಹೊರತು ಎರಡು ದಿನ ಯಾರೂ ತಿರುಗಿ ಕರೆಯಲಿಲ್ಲ. ಬೆನ್ನುನೋವಿನವರನ್ನು ಓಡಿಸುವ ಹೊಣೆ ಹೊತ್ತ ಕೇಂದ್ರದಲ್ಲಿ ಇದು ಸಣ್ಣ ಲೋಪವಲ್ಲ. ಆ ಎರಡು ದಿನ ನನಗೆ ಬೇಕಾಗಿದ್ದದ್ದು ಚಿಕಿತ್ಸೆಗಿಂತ ಹೆಚ್ಚಾಗಿ, ಇದು ಡಿಸ್ಕ್ ಜಾರಿದ್ದಲ್ಲ, ಗಾಬರಿಯಾಗಬೇಡಿ ಎಂಬ ಒಂದು ಮಾತು. ಮೂರನೆಯ ದಿನ ಫಿಸಿಯೋಥೆರಪಿಸ್ಟ್ ಸಿಕ್ಕಾಗ ಮತ್ತೆ ಅದೇ ಪ್ರಶ್ನೆಗಳನ್ನು ಕೇಳಿ, ಕಾಲುಗಳ ಶಕ್ತಿ ಪರೀಕ್ಷಿಸಿ, ಓಟ ನಿಲ್ಲಿಸದೆ ಐದನೆಯ ವಾರದ ಪ್ರಮಾಣಕ್ಕೆ ಇಳಿಸಿದರು. ಹತ್ತು ದಿನಗಳಲ್ಲಿ ಅಂಕಗಳು ಮೊದಲಿನಂತಾದವು.

ಎರಡನೆಯ ಆಕ್ಷೇಪ ಬಿಲ್ಲಿನದು. ಎರಡನೆಯ ಭೇಟಿಯಲ್ಲೇ ಅಲ್ಟ್ರಾಸೌಂಡ್ ಯಂತ್ರದ ಚಿಕಿತ್ಸೆಯನ್ನು ನನ್ನನ್ನು ಕೇಳದೆ ಸೇರಿಸಿದ್ದರು, ಪ್ರತಿ ಬಾರಿಗೆ 350 ರೂಪಾಯಿ ಹೆಚ್ಚುವರಿ. ದೀರ್ಘಕಾಲದ ಸೊಂಟನೋವಿಗೆ ಈ ಯಂತ್ರದಿಂದ ಪ್ರಯೋಜನವಿದೆಯೆಂಬುದಕ್ಕೆ ಗಟ್ಟಿಯಾದ ಪುರಾವೆ ಇಲ್ಲವೆಂದು, ಚಿಕಿತ್ಸೆಗಳ ಕುರಿತ ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸುವ ಕಾಕ್ರೇನ್ ಸಂಸ್ಥೆಯ ಪರಾಮರ್ಶೆ ಹೇಳಿದೆ. ನಾನು ಬೇಡವೆಂದಾಗ ತೆಗೆದುಹಾಕಿದರು, ವಾದಿಸಲಿಲ್ಲ. ಆದರೆ ನೋವಿನಿಂದ ಬಳಲಿ ಬಂದ ಹಿರಿಯರು ಬಿಲ್ಲಿನ ಸಾಲುಗಳನ್ನು ಓದಿ ಬೇಡವೆನ್ನುವುದು ಅಪರೂಪ. ಮನೆಯಲ್ಲಿ ಮಾಡುವ ವ್ಯಾಯಾಮಗಳ ಮುದ್ರಿತ ಹಾಳೆ ಇಂಗ್ಲಿಷಿನಲ್ಲಿ ಮಾತ್ರ ಇದೆ ಎಂಬುದೂ ಇದೇ ಮಾತಿಗೆ ಸೇರುತ್ತದೆ. ಮಾಟುಂಗಾದಂಥ ಕಡೆ ಮರಾಠಿ, ಗುಜರಾತಿ, ತಮಿಳು, ಕನ್ನಡ ಮಾತನಾಡುವ ವೃದ್ಧರೇ ಹೆಚ್ಚಾಗಿ ಬರುತ್ತಿರುವಾಗ ಕನಿಷ್ಠ ಮರಾಠಿಯಲ್ಲಾದರೂ ಕೊಡಬೇಕು.

ಷೂಗಳ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ಸ್ವಾಗತ ಮೇಜಿನವರು ಪಾದದ ಸ್ಕ್ಯಾನ್ ಮಾಡಿಸಿ ದುಬಾರಿ ಇನ್‌ಸೋಲ್ ಕೊಳ್ಳಲು ಒತ್ತಾಯಿಸಿದರು. ಫಿಸಿಯೋಥೆರಪಿಸ್ಟ್ ಮಾತ್ರ, ಅಂಗಡಿಯಲ್ಲಿ ಹಾಕಿಕೊಂಡು ನಾಲ್ಕು ಹೆಜ್ಜೆ ಓಡಿ ನೋಡಿ, ಹಾಯೆನಿಸಿದ್ದನ್ನು ಕೊಳ್ಳಿ ಎಂದರು. ನಾನು ಅವರ ಮಾತನ್ನೇ ಕೇಳಿದೆ, ತೊಂದರೆಯಾಗಿಲ್ಲ.

ಅತ್ತೆಯವರ ಪ್ರಶ್ನೆಯನ್ನು ನಾನು ಕೇಂದ್ರದಲ್ಲಿ ನೇರವಾಗಿಯೇ ಕೇಳಿದ್ದೆ: ಓಟದಿಂದ ಮಂಡಿ ಸವೆಯುವುದಿಲ್ಲವೇ? 2017ರಲ್ಲಿ ಪ್ರಕಟವಾದ, ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯೊಂದನ್ನು ಫಿಸಿಯೋಥೆರಪಿಸ್ಟ್ ತೋರಿಸಿದರು. ಅದರಲ್ಲಿ ಮಂಡಿ ಅಥವಾ ತೊಡೆಕೀಲಿನ ಸವೆತ ಹವ್ಯಾಸಕ್ಕೆ ಓಡುವವರಲ್ಲಿ ಶೇಕಡಾ 3.5, ಓಡದೆ ಕುಳಿತಿರುವವರಲ್ಲಿ 10.2, ಸ್ಪರ್ಧೆಗಳಿಗಾಗಿ ಓಡುವವರಲ್ಲಿ 13.3. ಇದನ್ನು ಓದುವಾಗ ಎಚ್ಚರವೂ ಬೇಕು: ಮಂಡಿ ಮೊದಲೇ ಚೆನ್ನಾಗಿರುವವರು ಓಟವನ್ನು ಮುಂದುವರಿಸಿರಬಹುದು, ಮತ್ತು ಈಗಾಗಲೇ ಸವೆತವಿರುವ ನನ್ನಂಥವರಿಗೆ ಈ ಅಂಕಿಗಳು ನೇರವಾಗಿ ಅನ್ವಯಿಸುವುದಿಲ್ಲ. ಆಕೆ ಈ ಮಾತನ್ನು ಮುಚ್ಚಿಡದೆ ಹೇಳಿದ್ದರಿಂದಲೇ ನನಗೆ ಅವರ ಮೇಲೆ ವಿಶ್ವಾಸ ಹೆಚ್ಚಿತು. ಜನವರಿಯಲ್ಲಿ ನಡೆಯುವ ಮುಂಬಯಿ ಮ್ಯಾರಥಾನಿಗೆ ತಯಾರು ಮಾಡುತ್ತೇವೆಂದು ಕೇಂದ್ರದ ಗೋಡೆಯ ಮೇಲೆ ದೊಡ್ಡದಾಗಿ ಬರೆದಿದೆ. ನನಗೆ ಅದರ ಆಸೆ ಹಚ್ಚಲು ಆಕೆ ಒಮ್ಮೆಯೂ ಪ್ರಯತ್ನಿಸಲಿಲ್ಲ.

ಹನ್ನೆರಡು ವಾರಗಳ ಕೊನೆಗೆ ನಾನು 25 ನಿಮಿಷ ನಿಲ್ಲದೆ ಓಡುತ್ತಿದ್ದೆ, ಸುಮಾರು ಮೂರು ಕಿಲೋಮೀಟರ್. ಬಲಗಾಲಿನ ಹಿಮ್ಮಡಿ 9ರಿಂದ 19ಕ್ಕೆ ಏರಿದೆ. ವಡಾಲ ನಿಲ್ದಾಣದ ಸೇತುವೆಯ ಮೆಟ್ಟಿಲುಗಳನ್ನು ಕಂಬಿ ಹಿಡಿಯದೆ ಇಳಿಯುತ್ತೇನೆ. ಬೆನ್ನು ಪೂರ್ತಿ ಗುಣವಾಗಿಲ್ಲ. ಎರಡು ಗಂಟೆ ಮೇಲೇಳದೆ ಕುಳಿತರೆ ಈಗಲೂ ಬಿಗಿಯುತ್ತದೆ. ಆದರೆ ರಾತ್ರಿ ಮಗ್ಗುಲು ಬದಲಿಸುವಾಗ ಎಚ್ಚರವಾಗುವುದು ನಿಂತಿದೆ.

ಮಂಡಿ ಅಥವಾ ಬೆನ್ನಿನ ತೊಂದರೆ ಇದ್ದು ಓಡಬೇಕೆನ್ನುವವರಿಗೆ, ವೈದ್ಯರ ಒಪ್ಪಿಗೆ ಪಡೆದ ಮೇಲೆ ಇಂಥ ಕ್ರಮಕ್ಕೆ ಸೇರಿರೆಂದು ನಾನು ಖಂಡಿತ ಹೇಳುತ್ತೇನೆ. ಸೇರುವ ಮೊದಲು ಮೂರು ವಿಷಯಗಳನ್ನು ಬರವಣಿಗೆಯಲ್ಲಿ ಕೇಳಿ ಪಡೆಯಿರಿ: ನೋವು ಹೆಚ್ಚಾದರೆ ಯಾವ ಸಂಖ್ಯೆಗೆ ಕರೆ ಮಾಡಬೇಕು, ಎಷ್ಟು ಹೊತ್ತಿನೊಳಗೆ ಉತ್ತರ ಬರುತ್ತದೆ, ಮತ್ತು ಶುಲ್ಕದಲ್ಲಿ ಯಂತ್ರಗಳ ಚಿಕಿತ್ಸೆ ಸೇರಿದೆಯೇ ಇಲ್ಲವೇ. ಸಂಜೆ ಆರರ ನಂತರ ಮುಕ್ಕಾಲು ಗಂಟೆ ಕಾಯಬೇಕಾಗುತ್ತದೆ, ಆದ್ದರಿಂದ ಬೆಳಗಿನ ಸಮಯ ಕೇಳುವುದು ಮೇಲು. ಮೊದಲ ಭೇಟಿಗೆ ಹಳೆಯ ಸ್ಕ್ಯಾನ್‌ಗಳ ಜೊತೆಗೆ ನೀವು ದಿನವೂ ಹಾಕಿಕೊಳ್ಳುವ ಹಳೆಯ ಷೂಗಳನ್ನೂ ಒಯ್ಯಿರಿ. ನನ್ನ ಬಲಗಾಲಿನ ಷೂ ಹಿಮ್ಮಡಿಯ ಹೊರ ಅಂಚಿನಲ್ಲಿ ಮಾತ್ರ ಸವೆದಿತ್ತು. ಆಕೆ ಎಂಆರ್‌ಐ ತೆರೆಯುವ ಮೊದಲು ಅದನ್ನೇ ತಿರುಗಿಸಿ ನೋಡಿದ್ದರು.