ತುಂಡಾದ ಜಿಪ್ ಫೈಲಿಗೆ ಮೂರು ದಾರಿ: ನಾನು ಮಾಡಿ ನೋಡಿದ್ದು

ಅಜ್ಜಿಯನ್ನು ಕೊನೆಯ ಸಲ ಚಿತ್ರದುರ್ಗದ ಕೋಟೆಗೆ ಕರೆದುಕೊಂಡು ಹೋದಾಗ ತೆಗೆದ 412 ಫೋಟೊಗಳು ಮಾವನ ಕಂಪ್ಯೂಟರ್‌ನಲ್ಲಿ ಒಂದೇ ಜಿಪ್ (ಹಲವು ಫೈಲುಗಳನ್ನು ಒತ್ತಿ ಒಂದಾಗಿ ಕಟ್ಟಿದ ಫೈಲ್) ಆಗಿದ್ದವು. ದಾವಣಗೆರೆ ಬಸ್ಸಿಗೆ ಹೊತ್ತಾಯಿತೆಂದು ಕಾಪಿ ಮುಗಿಯುವ ಮೊದಲೇ ಪೆನ್‌ಡ್ರೈವ್ ಕಿತ್ತುಕೊಂಡೆ. 2.1 ಜಿಬಿಯಲ್ಲಿ ಬಂದಿದ್ದು 1.9. ಮನೆಗೆ ಬಂದು ತೆರೆದರೆ ವಿಂಡೋಸ್ ತೆರೆಯಲೇ ಇಲ್ಲ. ಅಷ್ಟರಲ್ಲಿ ಮಾವನ ಕಂಪ್ಯೂಟರ್ ಫಾರ್ಮ್ಯಾಟ್ ಆಗಿತ್ತು.

ಜಿಪ್‌ನಲ್ಲಿ ಏನೇನಿದೆ ಎಂಬ ಪಟ್ಟಿ ಫೈಲಿನ ಕೊನೆಯಲ್ಲಿರುತ್ತದೆ. ಬಾಲ ಹೋದರೆ ಪಟ್ಟಿಯೂ ಹೋಯಿತು. ಆದರೆ ಪ್ರತಿ ಫೋಟೊದ ಮುಂದೆ ಅದರದೇ ಹೆಸರಿನ ಚೀಟಿ ಬೇರೆ ಇರುತ್ತದೆ. ಆಸೆ ಇದ್ದಿದ್ದು ಅದರ ಮೇಲೆಯೇ. ಮೊದಲು ಒಂದು ನಕಲು ಮಾಡಿಕೊಂಡೆ. ಮೂಲ ಫೈಲನ್ನು ಮುಟ್ಟಬೇಡಿ, ದಯವಿಟ್ಟು.

ಮೊದಲು ಸೆವೆನ್‌ಜಿಪ್, ಇಂಥ ಫೈಲುಗಳನ್ನು ಕಟ್ಟುವ, ಬಿಚ್ಚುವ ಉಚಿತ ತಂತ್ರಾಂಶ. ಫೈಲ್ ನಡುವೆಯೇ ಮುಗಿದಿದೆ ಎಂದು ಎಚ್ಚರಿಸಿತು, ಆದರೂ ಆ ಚೀಟಿಗಳಿಂದಲೇ ಪಟ್ಟಿ ತೋರಿಸಿತು. 371 ಫೋಟೊ ಪೂರ್ತಿ ಬಂದವು. 372ನೆಯದು ಅರ್ಧ: ಓಬವ್ವನ ಕಿಂಡಿಯ ಹತ್ತಿರ ಕೂತ ಅಜ್ಜಿ. ಮುಖ, ಕೆಂಪು ಸೆರಗು ಸ್ಪಷ್ಟವಾಗಿವೆ. ಮಡಿಲಲ್ಲಿದ್ದ ಮಂಡಕ್ಕಿ ಪೊಟ್ಟಣದಿಂದ ಕೆಳಗೆ ಬರೀ ಬೂದು ಬಣ್ಣ. ನನಗೆ ಅಷ್ಟೇ ಸಾಕಾಗಿತ್ತು.

ಇಂಥದೇ ಇನ್ನೊಂದು ತಂತ್ರಾಂಶ ವಿನ್‌ರಾರ್‌ನಲ್ಲಿ ರಿಪೇರಿ ಒತ್ತಿದರೆ ಹೊಸ ಫೈಲ್ ಕಟ್ಟಿಕೊಡುತ್ತದೆ. ಅಲ್ಲೂ 371. ಆ ಅರ್ಧ ಫೋಟೊ ಮಾತ್ರ ಸುಮ್ನೆ ಮಾಯ! ಬಿಚ್ಚುವಾಗ ಹಾಳಾದ ಫೈಲುಗಳನ್ನು ಉಳಿಸಿಕೊಳ್ಳುವ ಆಯ್ಕೆಗೆ ಟಿಕ್ ಹಾಕಿದ ಮೇಲೆ ಬಂತು. ಇದರ ನಿಜವಾದ ಬಲ ಅದರದೇ ಬಗೆಯ ರಾರ್ ಫೈಲಿನಲ್ಲಿದೆ: ಮಾಡುವಾಗಲೇ ರಿಕವರಿ ರೆಕಾರ್ಡ್ (ರಿಪೇರಿಗೆಂದೇ ಇಡುವ ಹೆಚ್ಚುವರಿ ಮಾಹಿತಿ) ಸೇರಿಸಿದ್ದರೆ ಸಣ್ಣಪುಟ್ಟ ಹಾನಿಯನ್ನು ಅದೇ ಸರಿಮಾಡುತ್ತದೆ. ಹಾಳಾದ ಮೇಲೆ ಸೇರಿಸಿ ಪ್ರಯೋಜನವಿಲ್ಲ.

ಮೂರನೆಯದಾಗಿ, ವಿಂಡೋಸ್ ಬದಲು ಬಳಸುವ ಉಬುಂಟುವಿನ ಜಿಪ್ ಆಜ್ಞೆಗೆ ಎರಡು ಎಫ್ (-FF) ಕೊಟ್ಟು ಓಡಿಸಿದೆ. ಇದು ಒಂದೇ ಡಿಸ್ಕಿನ ಫೈಲೇ ಎಂದು ಕೇಳಿತು, ವೈ ಒತ್ತಿದೆ. ಅರ್ಧದ್ದನ್ನು ಬಿಟ್ಟು 371 ಫೋಟೊಗಳ ಹೊಸ ಜಿಪ್ ಸಿಕ್ಕಿತು. ಅದನ್ನು ಬೇರೆಯವರಿಗೆ ಕಳಿಸೋದಾದರೆ ಇದೇ ಚೆನ್ನ. ಡಿಸ್ಕಿನಲ್ಲಿ ಇನ್ನೊಂದು 1.9 ಜಿಬಿ ಜಾಗ ಬೇಕು, ಅಷ್ಟೆ.

ಅರ್ಧ ಫೋಟೊವನ್ನೂ ಕೇಳದೆಯೇ ಕೊಟ್ಟಿದ್ದರಿಂದ ನನ್ನ ಮೊದಲ ಆಯ್ಕೆ ಸೆವೆನ್‌ಜಿಪ್. ಆದರೆ ಅದರದೇ ಬಗೆಯ ಸೆವೆನ್‌ಜೆಡ್ (7z) ಫೈಲ್ ಬೇರೆ ಕಥೆ. ಉಳಿದ ಫೋಟೊಗಳನ್ನು ಅದರಲ್ಲೂ ಕಟ್ಟಿ, ಬೇಕಂತಲೇ ನಡುವೆ ಕೆಡಿಸಿ ನೋಡಿದೆ. ಜಿಪ್‌ನಲ್ಲಿ ಒಂದೇ ಫೋಟೊ ಹೋಯಿತು. ಸೆವೆನ್‌ಜೆಡ್‌ನಲ್ಲಿ ಹಲವು ಫೈಲುಗಳನ್ನು ಒಟ್ಟಿಗೆ ಒತ್ತಿರುತ್ತಾರೆ ಅಲ್ವಾ, ಕೆಟ್ಟ ಜಾಗದ ನಂತರ ಸಾಲಾಗಿ ಹೋದವು. ಜೆಪೆಗ್ ಫೋಟೊ ಮೊದಲೇ ಒತ್ತಿದ್ದು, ಇದರಿಂದ ಜಾಗವೂ ಜಾಸ್ತಿ ಉಳಿಯಲಿಲ್ಲ. ಅಜ್ಜಿಯ ಫೋಟೊಗಳು ಈಗ ಬಿಡಿಬಿಡಿಯಾಗಿ ಎರಡು ಕಡೆ ಇವೆ, ಆ ಅರ್ಧದ್ದೂ ಸೇರಿ.